ಒಂಬತ್ತು ನಲವತ್ತರ ಊಟ

ಗಂಟಲಿನ ಕ್ಯಾನ್ಸರ್. ಥೈರಾಯ್ಡ್ ಗಡ್ಡೆ. ಧ್ವನಿತಂತುವಿನ ಮೇಲೊಂದು ಗಂಟು. ಧ್ವನಿತಂತುವಿಗೆ ಹೋಗುವ ನರ ಕೆಲಸ ನಿಲ್ಲಿಸಿರುವುದು. ಕ್ಷಯ. ಕತ್ತಿನ ಮೂಳೆ ಬೆಳೆದು ಹಿಂದಿನಿಂದ ಒತ್ತುತ್ತಿರುವುದು. ಇಪ್ಪತ್ತೆರಡು ವರ್ಷ ಕಾರ್ಖಾನೆಯ ಗಾಳಿ ಕುಡಿದದ್ದರ ಫಲ. ಹೊಸ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿರುವುದು. ಮೀನಿನ ಮುಳ್ಳು.

ನಾವು ಮೀನು ತಿನ್ನುವವರಲ್ಲ. ಆದರೆ ಅಪಾಯಗಳ ಪಟ್ಟಿ ಮಾಡುವಾಗ, ಸಂಭವ ಕಡಿಮೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಬಿಡಬಾರದು ಎಂದು ನಾನೇ ಊರಿಗೆಲ್ಲ ಪಾಠ ಹೇಳುತ್ತೇನೆ. ಬೈಕಂಪಾಡಿಯಲ್ಲಿ ಅಡುಗೆ ಎಣ್ಣೆ ಶುದ್ಧ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಏನೇನು ಕೆಡಬಹುದು ಎಂದು ಮೊದಲೇ ಯೋಚಿಸಿ ಬರೆದಿಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳ ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ.

ಗಂಟಲಿನ ಪಟ್ಟಿಯನ್ನು ಬರೆದದ್ದು ಆಫೀಸಿನ ಡೈರಿಯ ಹಿಂದಿನ ಪುಟದಲ್ಲಿ. ಕಾರ್ಖಾನೆಯಲ್ಲಿ ಮಾಡುವ ಹಾಗೆಯೇ ಮೂರು ಕಾಲಮ್ಮು ಎಳೆದಿದ್ದೆ: ಅಪಾಯ, ಸಂಭವ, ಪರಿಣಾಮ. ಮೊದಲ ಸಾಲಿನ ಪರಿಣಾಮದ ಕಾಲಮ್ಮನ್ನು ಖಾಲಿ ಬಿಟ್ಟಿದ್ದೆ.

ಶುರುವಾದದ್ದು ಹೇಗೆಂದರೆ, ಒಂದು ದಿನ ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಏನೋ ಕುಳಿತಿತ್ತು. ನುಂಗಿದರೆ ಇಳಿಯುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ. ಊಟ ಮಾಡುವಾಗ ಅದು ಇಲ್ಲವೇ ಇಲ್ಲ, ಅನ್ನ ಸಲೀಸಾಗಿ ಇಳಿಯುತ್ತದೆ. ಊಟ ಮುಗಿಸಿ ಬರೀ ಉಗುಳು ನುಂಗಿದರೆ ಅಲ್ಲೇ ಉಂಟು. ಎದ್ದ ಮೊದಲ ಒಂದು ಗಂಟೆ ನನ್ನ ಸ್ವರ ತುಕ್ಕು ಹಿಡಿದ ಶಟರ್ ಎಳೆದ ಹಾಗೆ ಇರುತ್ತಿತ್ತು. ಮತ್ತೆ ಸ್ವಲ್ಪ ಸರಿ, ಸಂಜೆಗೆ ಪುನಃ ಅದೇ. ಇದರ ಜೊತೆಗೆ ಪ್ರತಿ ಎರಡು ನಿಮಿಷಕ್ಕೊಮ್ಮೆ ಗಂಟಲು ಸರಿಮಾಡಿಕೊಳ್ಳುವ ಒಂದು ಹ್ರೂಂ.

ಆ ಹ್ರೂಂ ಇಲ್ಲದೆ ಹೋಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅದು ನಮ್ಮ ಮನೆಯಲ್ಲಿ ಮೊದಲೇ ಕೇಳಿದ ಸದ್ದು. ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ, ಇದೇ ರೀತಿ ಹ್ರೂಂ ಎನ್ನುತ್ತ ಒಂದು ವರ್ಷ ಓಡಾಡಿದರು. ಮಂತ್ರ ಹೇಳುವಾಗ ನಡುನಡುವೆ ಹ್ರೂಂ. ಶೀತ ಎಂದರು, ಧೂಪದ ಹೊಗೆ ಎಂದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಗಂಟಲಿನ ಕ್ಯಾನ್ಸರ್. ಆಗ ಅವರಿಗೆ ಐವತ್ತೆರಡು. ನನ್ನ ಗಂಟಲು ಕೆಟ್ಟಾಗ ನನಗೆ ಐವತ್ತೊಂದು. ನನ್ನ ಚಿಂತೆ ಇದ್ದದ್ದು ಇಷ್ಟೇ, ಉಳಿದ ಎಂಟು ಸಾಲು ಪುಟ ತುಂಬಿಸಲಿಕ್ಕೆ.

ಕಾರ್ಖಾನೆಯಲ್ಲಿ ಮಾತ್ರ ನನ್ನ ಹ್ರೂಂನಿಂದ ಉಪಕಾರವಾಗುತ್ತಿತ್ತು. ಅಲ್ಲಿ ಸುರತ್ಕಲ್ಲಿನಿಂದ ಬರುವ ಒಬ್ಬ ಹಿರಿಯ ಫಿಟ್ಟರ್ ಇದ್ದಾನೆ, ನನ್ನಷ್ಟೇ ವರ್ಷ ಅಲ್ಲಿ ಕಳೆದವನು. ಅವನು ಒಂದು ದಿನ ಹೇಳಿದ:

"ಸಾರ್, ನಿಮ್ಮ ಗಂಟಲು ಗುಣ ಮಾಡಿಕೊಳ್ಳಬೇಡಿ."

"ಯಾಕೆ?"

"ನೀವು ಬಾಯ್ಲರಿನ ಆಚೆ ಇರುವಾಗಲೇ ನಮಗೆ ಗೊತ್ತಾಗ್ತದೆ. ಎಲ್ಲರೂ ಹೆಲ್ಮೆಟ್ ಹಾಕಿಕೊಳ್ತಾರೆ."

ಆ ಆರು ತಿಂಗಳು ಹೆಲ್ಮೆಟ್ ವಿಷಯದಲ್ಲಿ ನಮ್ಮ ವಿಭಾಗ ನಿರ್ದೋಷಿಯಾಗಿತ್ತು. ನನ್ನ ತರಬೇತಿಯ ಫಲ ಎಂದು ನಾನು ವರದಿಯಲ್ಲಿ ಬರೆದಿದ್ದೆ.

ಮನೆಯಲ್ಲಿ ಚಿಕಿತ್ಸೆ ಶುರುವಾಯಿತು. ನಮ್ಮದು ಬೋಳಾರದಲ್ಲಿ ಹಳೆಯ ಎರಡು ಮಾಳಿಗೆಯ ಮನೆ. ಕೆಳಗೆ ಅಣ್ಣ ಅತ್ತಿಗೆ, ಮೇಲೆ ನಾನು ನನ್ನ ಹೆಂಡತಿ. ಬೆಳಗಿನ ತಿಂಡಿ ಬೇರೆ ಬೇರೆ, ರಾತ್ರಿಯ ಊಟ ಒಟ್ಟಿಗೆ ಕೆಳಗೆ. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಕೆಲವು ಬೈಗುಳ ಮೆತ್ತಗಾಗಿದ್ದರೆ ಅದು ಭಾಷೆಯ ತಪ್ಪಲ್ಲ, ನನ್ನ ಮರ್ಯಾದೆಯ ಪ್ರಶ್ನೆ. ಅತ್ತಿಗೆ ಪ್ರತಿದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಳ್ಳೆಮೆಣಸು ಶುಂಠಿ ಜಜ್ಜಿ ಹಾಕಿದ ಕಷಾಯ ಕೊಟ್ಟರು, ಕಫ ಕರಗಲಿಕ್ಕೆ. ಹೆಂಡತಿ ಹನ್ನೊಂದು ಗಂಟೆಗೆ ಕುಡಿಯಲಿಕ್ಕೆ ಬಿಸಿನೀರಿಗೆ ಲಿಂಬೆ ಜೇನು ಹಾಕಿ ಫ್ಲಾಸ್ಕಿನಲ್ಲಿ ಕಳಿಸಿದಳು, ಗಂಟಲು ಹದವಾಗಲಿಕ್ಕೆ. ಅಣ್ಣ ಇದೆಲ್ಲ ಪಿತ್ತ ಎಂದು ಸಂಜೆ ಹುಳಿಹುಳಿ ಪುನರ್ಪುಳಿ ಹಣ್ಣಿನ ಶರಬತ್ತು ಮಾಡಿಸಿದ. ಮಲಗುವಾಗ ಪುನಃ ಕಷಾಯ. ಒಂದನ್ನೂ ತಪ್ಪಿಸದೆ ಕುಡಿದೆ. ನಾನು ನಿಯಮ ಪಾಲಿಸುವ ಮನುಷ್ಯ. ಗಂಟಲು ವಾರದಿಂದ ವಾರಕ್ಕೆ ಕೆಟ್ಟಿತು. ಕೆಟ್ಟಷ್ಟೂ ಕಷಾಯಕ್ಕೆ ಒಳ್ಳೆಮೆಣಸು ಹೆಚ್ಚಾಯಿತು.

ನಮ್ಮ ಹತ್ತಿರದ ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಕೊಟ್ಟರು, ಆಮೇಲೆ ಅಲರ್ಜಿ ಮಾತ್ರೆ, ಆಮೇಲೆ ಕೆಮ್ಮಿನ ಸಿರಪ್ಪು. ಸಿರಪ್ಪು ಕುಡಿದ ಹದಿನೈದು ದಿನ ಒಳ್ಳೆಯ ನಿದ್ದೆ ಬಂತು. ಕೊನೆಗೆ ಅವರೇ, "ಒಮ್ಮೆ ಗಂಟಲಿನ ಡಾಕ್ಟ್ರಿಗೆ ತೋರಿಸುವ, ಹೆದರುವಂಥದ್ದು ಎಂತ ಇಲ್ಲ" ಎಂದರು. ಡಾಕ್ಟರು ತಾವಾಗಿ ಹೆದರಬೇಡಿ ಎಂದರೆ ಅದಕ್ಕೆ ಏನರ್ಥ ಎಂದು ನಾನು ಎರಡು ವಾರ ಯೋಚಿಸಿದೆ. ಆ ಎರಡು ವಾರದಲ್ಲಿ ಜೀವವಿಮೆಯ ಕಾಗದಗಳನ್ನು ಹುಡುಕಿ ಒಂದೇ ಫೈಲಿಗೆ ಹಾಕಿದೆ. ಫೈಲನ್ನು ಹೆಂಡತಿಗೆ ಕಾಣುವ ಹಾಗೂ ಇಡಬಾರದು, ಕಾಣದ ಹಾಗೂ ಇಡಬಾರದು. ಅಂಥ ಜಾಗ ನಮ್ಮ ಮನೆಯಲ್ಲಿ ಇಲ್ಲ. ಅವಳು ಮರುದಿನವೇ ನೋಡಿದಳು. ಫೋನು ತೆಗೆದು ಗಂಟಲಿನ ಡಾಕ್ಟರ ಬಳಿ ಸಮಯ ಗೊತ್ತು ಮಾಡಿದಳು.

ಗಂಟಲಿನ ಡಾಕ್ಟರು ನನಗಿಂತ ಹದಿನೈದು ವರ್ಷ ಚಿಕ್ಕವರಿರಬಹುದು. ನಾನು ಡೈರಿ ತೆಗೆದು ಮೇಜಿನ ಮೇಲಿಟ್ಟೆ.

"ಇದೆಂತ ಇದು?"

"ಸಾಧ್ಯತೆಗಳು."

ಅವರು ಪೂರ್ತಿ ಓದಿದರು. "ಮೀನಿನ ಮುಳ್ಳು ಅಂತ ಬರ್ದಿದ್ದೀರಿ. ಮೀನು ತಿಂತೀರಾ?"

"ಇಲ್ಲ."

"ಮತ್ತೆ?"

"ಅವರು ಹಾಗೆಯೇ ಡಾಕ್ಟ್ರೆ" ಎಂದಳು ನನ್ನ ಹೆಂಡತಿ.

ಬೀಡಿ ಸಿಗರೇಟು ಉಂಟಾ, ಹೊಗೆಸೊಪ್ಪು ಉಂಟಾ, ನುಂಗಲಿಕ್ಕೆ ಕಷ್ಟ ಉಂಟಾ, ತೂಕ ಇಳಿದಿದೆಯಾ, ಕಿವಿನೋವು, ಉಗುಳಿನಲ್ಲಿ ರಕ್ತ ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಇಲ್ಲ ಎನ್ನುವಾಗ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಿರುವ ಹಾಗೆ ಅನಿಸಿತು. ದೊಡ್ಡಪ್ಪನ ವಿಷಯ ಹೇಳಿದೆ. ಅವರು ಹೊಗೆಸೊಪ್ಪು ಜಗಿಯುತ್ತಿದ್ದರಾ ಎಂದು ಕೇಳಿದರು. ಎಲೆ ಅಡಿಕೆಯ ಜೊತೆ ಜಗಿಯುತ್ತಿದ್ದರು, ಬೆಳಗಿನಿಂದ ರಾತ್ರಿಯವರೆಗೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. "ಸರಿ, ಒಳಗೆ ಒಮ್ಮೆ ನೋಡುವ."

ಮೂಗಿಗೆ ಏನೋ ಸ್ಪ್ರೇ ಹೊಡೆದರು. ಅದು ಕಹಿಯಾಗಿ ಗಂಟಲಿಗೆ ಇಳಿದು ಗಂಟಲೇ ಇಲ್ಲದಂತಾಯಿತು. ಆರು ತಿಂಗಳ ಮೇಲೆ ಮೊದಲ ಸಲ ಅಲ್ಲಿ ಏನೂ ಕುಳಿತಿರಲಿಲ್ಲ. ಇಷ್ಟೇ ಸಾಕು, ಮನೆಗೆ ಹೋಗುವ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಸಣ್ಣ ವೈರಿನಂಥದ್ದೊಂದು ಮೂಗಿನ ಒಳಗೆ ಹೋಯಿತು, ಅದರ ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ನನ್ನ ಪಕ್ಕದಲ್ಲೇ ಟಿವಿಯಂಥ ಪರದೆ.

"ನೋಡಬಹುದಾ?"

"ನೋಡಿ. ಮಾತಾಡಬೇಡಿ. ಈಗ ಈ… ಅಂತ ಹೇಳಿ."

"ಈ…"

ಎರಡು ಬಿಳಿ ಪಟ್ಟಿಗಳು ಬಾಗಿಲಿನ ಹಾಗೆ ಮುಚ್ಚಿ ತೆರೆದವು. ಅಭ್ಯಾಸಬಲದಿಂದ ನಾನು ಕೀಲುಗಳನ್ನು ಗಮನಿಸಿದೆ. ಎರಡೂ ಕಡೆ ಸಮವಾಗಿ ಓಡುತ್ತಿದ್ದವು. ಅದರ ಹಿಂದೆ ಒಂದಷ್ಟು ಭಾಗ ಕೆಂಪಗೆ ಉಬ್ಬಿಕೊಂಡಿತ್ತು. ಇದೇ ಅದು ಎಂದುಕೊಂಡೆ. ಪರಿಣಾಮದ ಕಾಲಮ್ಮು.

ಡಾಕ್ಟರು ಕ್ಯಾಮೆರಾ ತೆಗೆದು, ಕೈಗವಸು ಬಿಚ್ಚಿ, ಕುಳಿತರು. ನನ್ನ ಲೆಕ್ಕದಲ್ಲಿ ಇದಕ್ಕೆ ಒಂದು ಗಂಟೆ ಹಿಡಿಯಿತು.

"ಗಡ್ಡೆ ಗಿಡ್ಡೆ ಎಂತದೂ ಇಲ್ಲ. ಸ್ವರದ ತಂತು ಎರಡೂ ಚೆಂದ ಉಂಟು."

"ಸರಿಯಾಗಿ ನೋಡಿದ್ರಾ?"

"ಸರಿಯಾಗಿ ನೋಡಿದೆ."

ಹೆಂಡತಿ ಕೈಚೀಲದ ಜಿಪ್ಪು ತೆರೆದು, ಒಳಗೆ ಏನನ್ನೋ ಹುಡುಕಿ, ಏನೂ ತೆಗೆಯದೆ ಮುಚ್ಚಿದಳು. ಪುನಃ ತೆರೆದಳು. ನಾನು ಅವಳ ಕಡೆ ನೋಡಲಿಲ್ಲ.

"ಕೆಂಪು ಇತ್ತಲ್ಲ, ಹಿಂದೆ?" ಎಂದೆ.

"ಅದು ಹೊಟ್ಟೆಯ ಆಸಿಡ್ ಮೇಲೆ ಬಂದು ಆದದ್ದು ಅಂತ ನನಗೆ ಕಾಣ್ತದೆ."

"ನನಗೆ ಎದೆ ಉರಿ ಇಲ್ಲ. ಹುಳಿ ತೇಗೂ ಇಲ್ಲ."

"ಆಸಿಡ್ ಗಂಟಲಿನವರೆಗೆ ಬರುವವರಿಗೆ ಹೆಚ್ಚಾಗಿ ಅದೆಲ್ಲ ಇರುವುದಿಲ್ಲ. ಕೆಳಗಿನ ಅನ್ನನಾಳಕ್ಕೆ ಸ್ವಲ್ಪ ಆಸಿಡ್ ತಡ್ಕೊಂಡು ಅಭ್ಯಾಸ ಉಂಟು, ಗಂಟಲಿಗೆ ಇಲ್ಲ. ಒಂಚೂರು ಬಂದ್ರೂ ಸಾಕು. ಆದ್ರೆ ಕೆಂಪು ನೋಡಿದ ಕೂಡಲೇ ಇದೇ ಅಂತ ಹೇಳ್ಲಿಕ್ಕೂ ಆಗುವುದಿಲ್ಲ. ನೀವು ದಿನವಿಡೀ ಹ್ರೂಂ ಹ್ರೂಂ ಮಾಡಿದ್ದಕ್ಕೂ ಕೆಂಪಾಗಿರಬಹುದು. ಅದಕ್ಕೇ ಕೇಳುವುದು. ನೀವು ಎಂತೆಂತ ತಿಂತೀರಿ, ಕುಡೀತೀರಿ, ಯಾವಾಗ, ಎಲ್ಲ ಹೇಳಿ."

ಹೇಳಿದೆ. ಕಷಾಯ, ಲಿಂಬೆ, ಪುನರ್ಪುಳಿ, ಪುನಃ ಕಷಾಯ. ಅವರು ಮೊದಲು ಬರೆದುಕೊಳ್ಳುತ್ತಿದ್ದರು, ಅರ್ಧದಲ್ಲಿ ಬರೆಯುವುದನ್ನು ಬಿಟ್ಟು ಕೇಳತೊಡಗಿದರು.

"ಇದೆಲ್ಲ ಯಾರು ಕೊಟ್ಟದ್ದು?"

"ಮನೆಯವರು. ಗಂಟಲು ಗುಣವಾಗಲಿಕ್ಕೆ."

"ಒಳ್ಳೆಯ ಮನೆಯವರು" ಎಂದರು ಡಾಕ್ಟರು. ಹೆಂಡತಿ ಕೈಚೀಲ ಮುಚ್ಚಿದಳು. "ರಾತ್ರಿ ಊಟ ಎಷ್ಟು ಗಂಟೆಗೆ?"

"ಒಂಬತ್ತು ನಲವತ್ತು."

"ಮಲಗುವುದು?"

"ಹತ್ತೂಕಾಲು. ಬೆಳಿಗ್ಗೆ ಐದಕ್ಕೆ ಏಳಬೇಕಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊಟ್ಟೆಯ ಬಾಯಿಯಲ್ಲಿ ಒಂದು ವಾಲ್ವಿನಂಥದ್ದು ಇರುತ್ತದೆ, ಹೊಟ್ಟೆ ತುಂಬಿಸಿ ಕೂಡಲೇ ಅಡ್ಡವಾದರೆ ಅದರಿಂದ ಆಸಿಡ್ ಹಿಂದೆ ಬರುತ್ತದೆ ಎಂದು ವಿವರಿಸಿದರು. ಇಲ್ಲಿ ಮಾತ್ರ ನನಗೆ ವಿವರಣೆ ಬೇಕಿರಲಿಲ್ಲ. ಮುಚ್ಚಿದ ವಾಲ್ವಿನಿಂದಲೂ ಒಂಚೂರು ಒಸರುತ್ತಿದ್ದರೆ ಕಾರ್ಖಾನೆಯಲ್ಲಿ ಅದಕ್ಕೆ ಪಾಸಿಂಗ್ ಎನ್ನುತ್ತೇವೆ.

"ಅಂದ್ರೆ ವಾಲ್ವ್ ಪಾಸಿಂಗ್ ಉಂಟು."

"ಹಾಗೆಂದ್ರೆ ಎಂತ ನನಗೆ ಗೊತ್ತಿಲ್ಲ. ಆದ್ರೆ ಇರಬಹುದು."

ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ. ಕಷಾಯ, ಲಿಂಬೆ, ಹುಳಿ ಎಲ್ಲ ಬಂದ್. ಮಂಚದ ತಲೆಯ ಕಡೆ ಅರ್ಧ ಅಡಿ ಎತ್ತರ. ರಾತ್ರಿಯ ಊಟ ಏಳು ಗಂಟೆಗೆ, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ಎರಡು ತಿಂಗಳು ಇಷ್ಟು ಮಾಡಿ ಬನ್ನಿ, ಕಡಿಮೆಯಾದರೆ ನಾವು ಅಂದುಕೊಂಡದ್ದು ಸರಿ ಎಂದರ್ಥ, ಆಗದಿದ್ದರೆ ಬೇರೆ ಪರೀಕ್ಷೆ ನೋಡುವ ಎಂದರು. ಗುಣವಾದರೆ ಮಾತ್ರ ರೋಗ ಯಾವುದೆಂದು ಖಾತ್ರಿ. ಇಂಥ ಪದ್ಧತಿಯನ್ನು ನಮ್ಮ ಕಾರ್ಖಾನೆಯಲ್ಲಿ ಒಪ್ಪುವುದಿಲ್ಲ. ಆದರೆ ನನಗೆ ಆ ದಿನ ಏನು ಹೇಳಿದ್ದರೂ ಒಪ್ಪಿಗೆಯಿತ್ತು. ಲಿಫ್ಟಿನಲ್ಲಿ ಇಳಿಯುವಾಗ ಹೆಂಡತಿ, "ಫೈಲು ತೆಗೆದು ಅಟ್ಟಕ್ಕೆ ಹಾಕ್ತೇನೆ ಆಯ್ತಾ" ಎಂದಳು. ಅಷ್ಟೇ ಹೇಳಿದ್ದು.

ಮಾತ್ರೆ ಸುಲಭವಿತ್ತು. ಮಂಚದ ಕಾಲಿನ ಕೆಳಗೆ ಎರಡು ಮರದ ತುಂಡು ಇಟ್ಟೆ, ಜಾರದ ಹಾಗೆ ರಬ್ಬರ್ ಕೂಡ ಹಾಕಿ. ಮಂಚ ಜಾರಲಿಲ್ಲ, ನಾವಿಬ್ಬರು ಜಾರಿದೆವು. ಕಷಾಯ ನಿಲ್ಲಿಸುವುದಕ್ಕೆ ಅತ್ತಿಗೆಯನ್ನು ಒಪ್ಪಿಸಲು ನಾಲ್ಕು ದಿನ ಹಿಡಿಯಿತು. ಕಷ್ಟವಿದ್ದದ್ದು ಏಳು ಗಂಟೆಯ ಊಟ.

ಅದನ್ನು ಹೇಳಬೇಕಾದರೆ ಒಂಬತ್ತು ನಲವತ್ತು ಎಲ್ಲಿಂದ ಬಂತು ಎಂದು ಹೇಳಬೇಕು. ಹೊಳೆಯ ಬದಿಯ ಒಂದು ಸಣ್ಣ ದೇವಸ್ಥಾನದಲ್ಲಿ ನಮ್ಮ ಅಪ್ಪ ಅರ್ಚಕರಾಗಿದ್ದರು. ಅವರ ನಂತರ ಅಣ್ಣ. ರಾತ್ರಿಪೂಜೆ ಮುಗಿಸಿ, ಬಾಗಿಲು ಹಾಕಿ, ನಡೆದುಕೊಂಡು ಬಂದು, ಕಾಲು ತೊಳೆಯುವಾಗ ಒಂಬತ್ತೂವರೆ. ದೇವರ ಕೆಲಸ ಮಾಡಿದವನು ಹಸಿದು ಬರುವಾಗ ಮನೆಯವರು ಉಂಡು ತೇಗುತ್ತಿರಬಾರದು ಎಂಬುದು ಅಮ್ಮನ ಕಟ್ಟುನಿಟ್ಟು. ಶಾಲೆಗೆ ಹೋಗುವಾಗ ನಾನು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತ ಅಪ್ಪನಿಗೆ ಕಾದಿದ್ದೇನೆ. ಅಪ್ಪ ಹೋದರು, ಅಮ್ಮ ಹೋದರು, ಒಂಬತ್ತು ನಲವತ್ತು ಉಳಿಯಿತು. ಅಣ್ಣನಿಗಿಂತ ಮೊದಲು ಅನ್ನದ ಪಾತ್ರೆಯ ಮುಚ್ಚಳ ತೆಗೆದವರು ನಮ್ಮ ಮನೆಯಲ್ಲಿ ಇಲ್ಲ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನನ್ನನ್ನು ಓದಿಸಬೇಕೆಂದು ತಾನು ದೇವಸ್ಥಾನಕ್ಕೆ ಹೋದವನು. ಅವನು ಎಂದೂ ಅದನ್ನು ಎತ್ತಿ ಆಡಿಲ್ಲ, ಹಾಗಾಗಿ ನಾನು ಎಂದೂ ಮರೆತಿಲ್ಲ.

ಅವನ ಮುಂದೆ ನಿಂತು, ನಾಳೆಯಿಂದ ನಾನು ನಿನಗೆ ಕಾಯುವುದಿಲ್ಲ ಎಂದು ಹೇಳುವುದು ಹೇಗೆ? ಡೈರಿಯಲ್ಲಿ ಇನ್ನೊಂದು ಪಟ್ಟಿ ಮಾಡಿದೆ. ಅಣ್ಣ ಬೇಸರಿಸಿಕೊಳ್ಳುವುದು. ಬೇಸರವಾದರೂ ಹೇಳದಿರುವುದು. ಅತ್ತಿಗೆ ಎರಡು ಸಲ ಬಡಿಸಬೇಕಾಗುವುದು. ಮನೆ ಪಾಲಾಗಿದೆ ಎಂದು ನೆಂಟರು ತಿಳಿಯುವುದು. ಮನೆ ನಿಜವಾಗಿ ಪಾಲಾಗುವುದು. ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಹೇಳದಿರುವುದೇ ಸುರಕ್ಷಿತ ಎಂದು ತೀರ್ಮಾನಿಸಿದೆ.

ಹೊರಗೆ, ಅಣ್ಣನಿಗೆ, "ಡಾಕ್ಟ್ರು ಎಂತ ಇಲ್ಲ ಅಂದ್ರು" ಎಂದು ಹೇಳಿಬಿಟ್ಟೆ. ಒಳಗೆ, ಕಾರ್ಖಾನೆಯಿಂದ ಬಂದು ಏಳು ಗಂಟೆಗೆ ಮೇಲಿನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ನೀರುದೋಸೆ ತಿಂದೆ. ಚಟ್ನಿ ಅರೆಯುವ ಸದ್ದು ಕೆಳಗೆ ಕೇಳುತ್ತದೆಂದು ಬೆಲ್ಲ ಕಾಯಿತುರಿ ಹಚ್ಚಿಕೊಂಡು. ಒಂಬತ್ತು ನಲವತ್ತಕ್ಕೆ ಕೆಳಗೆ ಹೋಗಿ ಅಣ್ಣನ ಪಕ್ಕದಲ್ಲಿ ಕುಳಿತು ಪುನಃ ಉಂಡೆ. ಸ್ವಲ್ಪ ಬಡಿಸಿಕೊಂಡರೆ ಅತ್ತಿಗೆ, "ಎಂತ, ಸಾರು ರುಚಿ ಇಲ್ವಾ?" ಎನ್ನುತ್ತಿದ್ದರು. ರುಚಿ ಉಂಟು ಎಂದು ತೋರಿಸಲಿಕ್ಕೆ ಎರಡನೇ ಸಲ ಹಾಕಿಸಿಕೊಳ್ಳಬೇಕಾಗುತ್ತಿತ್ತು. ಅಣ್ಣನೂ ಆಗ ಅನ್ನವನ್ನು ಬೆರಳಿನಲ್ಲಿ ಆಚೆ ಈಚೆ ಮಾಡುತ್ತ ನಿಧಾನ ಉಣ್ಣುತ್ತಿದ್ದ. ವಯಸ್ಸಾಯಿತು ಎಂದುಕೊಂಡೆ.

ಎರಡು ತಿಂಗಳ ನಂತರ ಡಾಕ್ಟರು ಪುನಃ ಕ್ಯಾಮೆರಾ ಹಾಕಿ ನೋಡಿದರು. ಪರದೆಯ ಮೇಲಿನ ಕೆಂಪು ಹೋದ ಸಲದ ಕೆಂಪಿನ ಹಾಗೆಯೇ ಇತ್ತು. ನನ್ನ ತೂಕ ಮಾತ್ರ ಮೂರು ಕಿಲೋ ಹೆಚ್ಚಾಗಿತ್ತು.

"ಹಾಗಾದ್ರೆ ನಾನು ಅಂದುಕೊಂಡದ್ದು ತಪ್ಪೋ ಎಂತದೋ" ಎಂದರು. "ಮೂಗಿನಿಂದ ಸಣ್ಣ ಟ್ಯೂಬ್ ಹಾಕಿ ಒಂದು ದಿನ ಪೂರ್ತಿ ಇಟ್ಟು, ಆಸಿಡ್ ಎಷ್ಟು ಸಲ ಮೇಲೆ ಬರ್ತದೆ ಅಂತ ಅಳೀಬೇಕು. ಬೇರೆ ಕಾರಣ ಉಂಟಾ ಅಂತ ಕೂಡ ಹುಡುಕಬೇಕಾಗ್ತದೆ."

ಬೇರೆ ಕಾರಣ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡಪ್ಪ ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಬಂದು ಕುಳಿತರು. ಡಾಕ್ಟರು ಕೇಳಿದರು: "ನಾನು ಹೇಳಿದ್ದೆಲ್ಲ ಮಾಡಿದ್ದೀರಿ ಅಲ್ವಾ? ಊಟ ಏಳಕ್ಕೇ?"

"ಏಳಕ್ಕೇ" ಎಂದೆ.

"ಮತ್ತೆ ಒಂಬತ್ತು ನಲವತ್ತಕ್ಕೂ" ಎಂದಳು ಹೆಂಡತಿ.

ಕಥೆಯೆಲ್ಲ ಹೇಳಬೇಕಾಯಿತು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರೂ ಡಾಕ್ಟರು ಪೂರ್ತಿ ಕೇಳಿದರು. ಕೊನೆಗೆ, "ನೀವು ಕ್ಯಾನ್ಸರಿಗೆ ಹೆಚ್ಚು ಹೆದರುವುದಾ, ಅಣ್ಣನಿಗಾ?" ಎಂದರು. ಉತ್ತರಕ್ಕೆ ಕಾಯಲಿಲ್ಲ. "ಎರಡು ತಿಂಗಳು ವೇಸ್ಟ್. ಹೋಗಿ, ಅಣ್ಣನಿಗೆ ಹೇಳಿ. ಮತ್ತೆ ಎರಡು ತಿಂಗಳು ಸರಿಯಾಗಿ ಮಾಡಿ ಬನ್ನಿ. ಟ್ಯೂಬಿನ ವಿಷಯ ಆಮೇಲೆ ನೋಡುವ."

ಭಾನುವಾರ ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ದೇವಸ್ಥಾನಕ್ಕೆ ಹೋದೆ. ಜನ ಹೋಗಿಯಾಗಿತ್ತು. ಹಿಂಬದಿಯ ಜಗಲಿಯಲ್ಲಿ ಅಣ್ಣ ಒಬ್ಬನೇ ಕುಳಿತು ಗಂಧ ತೇಯುತ್ತಿದ್ದ.

"ಎಂತ, ಇಲ್ಲಿಯವರೆಗೆ?"

"ಹೀಗೇ."

"ಹೀಗೇ ಬರುವವ ನೀನಲ್ಲ. ಎಂತ ಕೆಟ್ಟಿತು?"

ಪೀಠಿಕೆ, ವಿಷಯ, ಸಮಾಧಾನ ಎಂದು ಮೂರು ಹಂತದಲ್ಲಿ ಹೇಳಬೇಕೆಂದು ತಯಾರಿ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ನಡುವಿನದ್ದು ಮಾತ್ರ. "ಡಾಕ್ಟ್ರು ರಾತ್ರಿ ಏಳಕ್ಕೇ ಉಣ್ಲಿಕ್ಕೆ ಹೇಳಿದ್ದಾರೆ."

ಕಲ್ಲಿನ ಮೇಲೆ ಅಣ್ಣನ ಕೈ ನಿಂತಿತು. "ಯಾರಿಗೆ?"

"ನನಗೆ. ಗಂಟಲಿಗೆ. ಅಂದ್ರೆ, ದೊಡ್ಡಪ್ಪನದ್ದು ಅಲ್ಲ. ಅದು ನೋಡಿ ಆಯ್ತು, ಎರಡು ಸಲ. ಇದು ಆಸಿಡ್."

"ಖಂಡಿತವಾ?"

"ನಾನೇ ಟಿವಿಯಲ್ಲಿ ನೋಡಿದ್ದೇನೆ."

ಅಣ್ಣ ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿದ. "ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ನೀನು ಬಂದು ಎಂತ ಇಲ್ಲ ಅಂತ ಹೇಳಿದ್ದಿ. ಎಂತ ಇಲ್ಲ ಅಂತ ನೀನು ಹುಟ್ಟಿದ ಮೇಲೆ ಹೇಳಿದವನಲ್ಲ. ಆ ದಿನವೇ ನನಗೆ ಇದು ದೊಡ್ಡಪ್ಪನದ್ದೇ ಅಂತ ಗ್ಯಾರಂಟಿ ಆಯ್ತು. ಎರಡು ತಿಂಗಳಿಂದ ನೀನು ಹ್ರೂಂ ಅಂದಾಗೆಲ್ಲ ಇಲ್ಲಿ ಎರಡು ನಮಸ್ಕಾರ ಹೆಚ್ಚು ಹಾಕ್ತಿದ್ದೇನೆ. ಮೊಣಕಾಲು ಹೋಯ್ತು."

ಹ್ರೂಂ ಬರುವುದರಲ್ಲಿತ್ತು, ಅವನ ಮೊಣಕಾಲು ನೆನಪಾಗಿ ನುಂಗಿಕೊಂಡೆ.

"ಮತ್ತೆ ಊಟ?" ಎಂದೆ.

"ಊಟಕ್ಕೆಂತ?"

"ನಿನಗೆ ಕಾಯದೆ ಉಣ್ಣಬೇಕಾಗ್ತದಲ್ಲ."

ಅಣ್ಣ ಆಚೆ ಈಚೆ ನೋಡಿದ. ದೇವರ ಕಡೆಯೂ ಒಮ್ಮೆ ನೋಡಿದ ಎಂದು ನನ್ನ ಅನುಮಾನ. "ನಾನು ಇಲ್ಲೇ ಉಂಡು ಬರುವುದು ಮಾರಾಯ."

"ಯಾವಾಗ?"

"ದಿನಾ. ಎಂಟು ಗಂಟೆಗೆ ಮಂಗಳಾರತಿ ಆಗ್ತದೆ. ನೈವೇದ್ಯದ ಅನ್ನ ಉಂಟು, ಅಡುಗೆ ಭಟ್ಟರು ಒಂದು ಸಾರು ಮಾಡ್ತಾರೆ. ಬಿಸಿಬಿಸಿ ಉಂಡು, ಸ್ವಲ್ಪ ಹೊತ್ತು ಮಾತಾಡಿ, ಹೊಳೆ ಬದಿಯಿಂದ ಸುತ್ತು ಹಾಕಿ ಬರ್ತೇನೆ. ಮನೆಯಲ್ಲಿ ಪುನಃ ಉಣ್ಣಬೇಕಲ್ಲ, ಒಂಚೂರು ಹಸಿವಾಗ್ಲಿ ಅಂತ."

"ಉಂಡಿದ್ದೇನೆ ಅಂತ ಹೇಳಬಹುದಿತ್ತಲ್ಲ?"

"ಹೇಗೆ ಹೇಳುವುದು? ನೀವೆಲ್ಲ ಹಸಿದು ಕಾಯ್ತಾ ಕೂತಿರ್ತೀರಿ." ಗಂಧ ಪುನಃ ತೇಯತೊಡಗಿದ. "ಅಪ್ಪನೂ ಹಾಗೆಯೇ. ನಾನು ಇಲ್ಲಿಗೆ ಬರ್ಲಿಕ್ಕೆ ಶುರು ಮಾಡಿದ ದಿನವೇ ಹೇಳಿದ್ರು, ಉಣ್ಣು, ಆದ್ರೆ ಮನೆಯಲ್ಲಿ ಹೇಳಬೇಡ, ಅಮ್ಮ ಬೇಜಾರು ಮಾಡಿಕೊಳ್ತಾಳೆ ಅಂತ."

"ಅಪ್ಪ ಇಲ್ಲಿ ಉಣ್ತಿದ್ರಾ? ಎಲ್ಲಿ?"

"ನೀನು ನಿಂತ ಜಾಗದಲ್ಲೇ."

ನಾನು ಸ್ವಲ್ಪ ಸರಿದು ನಿಂತೆ. ಪುಸ್ತಕದ ಮೇಲೆ ತಲೆಯಿಟ್ಟು ಕಾದ ಅಷ್ಟೂ ವರ್ಷಗಳು ಆ ಜಗಲಿಯಲ್ಲಿ ಬಾಳೆಲೆ ಹಾಕಿ ಕುಳಿತು ಉಂಡು ಎದ್ದು ಹೋದ ಹಾಗಿತ್ತು. ಸಿಟ್ಟು ಬರಬೇಕಿತ್ತೋ ಏನೋ. ಅಪ್ಪ ಹೊಟ್ಟೆ ತುಂಬಿದ್ದರೂ ನಮ್ಮ ಜೊತೆ ಕುಳಿತು, ಎರಡನೇ ಸಲ ಸಾರು ಹಾಕಿಸಿಕೊಂಡು, "ಇವತ್ತು ಸಾರು ಒಳ್ಳೆದಾಗಿದೆ" ಎನ್ನುತ್ತಿದ್ದದ್ದು ನೆನಪಾಯಿತು. ಪ್ರತಿದಿನ ಎನ್ನುತ್ತಿದ್ದರು.

ನನ್ನ ನೀರುದೋಸೆಯ ವಿಷಯವನ್ನೂ ಹೇಳಿಬಿಟ್ಟೆ. ಅಣ್ಣ ಕೊರಡು ಕೆಳಗಿಟ್ಟು ನಕ್ಕ. ದೇವಸ್ಥಾನದಲ್ಲಿ ಅವನು ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿಲ್ಲ.

ಮನೆಗೆ ಬಂದು ಅಣ್ಣನ ದೇವಸ್ಥಾನದ ಊಟದ ವಿಷಯ ಅತ್ತಿಗೆಗೆ ಹೇಳಿದಾಗ ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು. ಅವರ ಹೆಗಲ ಬೈರಾಸು ಒಗೆಯುವಾಗ ಅದರಲ್ಲಿ ಸಾರಿನ ಕಲೆ ಇರ್ತದೆ. ನಾನು ಆ ದಿನ ಸಾರೇ ಮಾಡಿರುವುದಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಿನಗೆ ಅಮ್ಮನ ಕ್ರಮ ತಪ್ಪಿದ್ರೆ ಆಗುವುದಿಲ್ಲ ಅಂತ. ಎಲ್ಲದಕ್ಕೂ ಹೆದರುವ ಜನ ನೀನು. ಇನ್ನು ಇದೊಂದು ಬೇರೆ ಯಾಕೆ ಅಂತ."

ಅದಾಗಿ ಈಗ ವರ್ಷವಾಗುತ್ತ ಬಂತು. ಗಂಟಲಿನಲ್ಲಿ ಕುಳಿತದ್ದು ಎದ್ದು ಹೋದ ದಿನ ಯಾವುದೆಂದು ನನಗೆ ಗೊತ್ತಿಲ್ಲ. ಬಂದ ದಿನವನ್ನು ಡೈರಿಯಲ್ಲಿ ಬರೆದಿದ್ದೆ, ಹೋದ ದಿನ ಗಮನಿಸಲೇ ಇಲ್ಲ. ಒಂದು ಬೆಳಿಗ್ಗೆ ಬಾಯ್ಲರಿನ ಹಿಂದಿನಿಂದ ಹೋಗುವಾಗ ಐದು ಜನ ಹೆಲ್ಮೆಟ್ ಇಲ್ಲದೆ ನಿಂತಿದ್ದರು, ಹಿರಿಯ ಫಿಟ್ಟರ್ ಸಹಿತ. ಅವನು ನನ್ನನ್ನು ದುಃಖದಿಂದ ನೋಡಿ, "ಗುಣ ಆಯ್ತಾ ಸಾರ್?" ಎಂದ. ಆಗಲೇ ನನಗೂ ಗೊತ್ತಾದದ್ದು. ಡಾಕ್ಟರು ಮೂರನೇ ಸಲ ಕ್ಯಾಮೆರಾ ಹಾಕಿದಾಗ ಕೆಂಪು ಬಹುಪಾಲು ಇಳಿದಿತ್ತು. ಟ್ಯೂಬು ಬೇಡ ಎಂದರು, ಮಾತ್ರೆಯನ್ನೂ ನಿಧಾನಕ್ಕೆ ನಿಲ್ಲಿಸಿದರು. ದೊಡ್ಡಪ್ಪ ಪಕ್ಕದ ಕುರ್ಚಿಯಲ್ಲಿ ಇರಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಭಾನುವಾರದ ಸಂಜೆ. ಏಳು ಗಂಟೆ. ಅಣ್ಣ ದೇವಸ್ಥಾನದಲ್ಲಿದ್ದ. ಕೆಳಗಿನ ಅಡುಗೆಮನೆಯಲ್ಲಿ ನಾನು, ಹೆಂಡತಿ, ಅತ್ತಿಗೆ ಮೂವರೇ. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬೆಳಕಿರುವಾಗ ರಾತ್ರಿಯ ಊಟಕ್ಕೆ ಕೂರುವುದೆಂದರೆ ಆಸ್ಪತ್ರೆಯಲ್ಲಿದ್ದ ಹಾಗೆ. ಆಗಬಹುದಾದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡು ತಯಾರಾಗಿದ್ದೆ. ಅನ್ನ ಇಳಿಯದಿರುವುದು. ಅಮ್ಮನ ಫೋಟೋ ಕಣ್ಣಿಗೆ ಬೀಳುವುದು. ಅಣ್ಣ ಅಚಾನಕ್ಕಾಗಿ ಬೇಗ ಬಂದುಬಿಡುವುದು. ಅತ್ತಿಗೆ ಅತ್ತುಬಿಡುವುದು. ನಾನು ಅತ್ತುಬಿಡುವುದು.

ಅತ್ತಿಗೆ ಒಲೆಯಿಂದ ನೇರ ಇಳಿಸಿ ಬಡಿಸಿದರು. ಅನ್ನದಿಂದ ಹಬೆ ಏಳುತ್ತಿತ್ತು, ಸಾರಿನಿಂದಲೂ. ನಾನು ಎಂದಿನ ಹಾಗೆ ದೊಡ್ಡ ತುತ್ತು ಕಲಸಿ ಬಾಯಿಗಿಟ್ಟೆ. ಹುಟ್ಟಿದಂದಿನಿಂದ ನಾನು ರಾತ್ರಿ ಉಂಡದ್ದು ಯಾರಿಗೋ ಕಾದು ಕಾದು ತಣಿದ ಅನ್ನ.

"ಎಂತಾಯ್ತು?" ಎಂದಳು ಹೆಂಡತಿ, ಗಾಬರಿಯಿಂದ. ಅತ್ತಿಗೆಯೂ ಸೌಟು ಹಿಡಿದು ನಿಂತರು.

ಉತ್ತರ ಹೇಳುವ ಮೊದಲು ಒಂದು ಲೋಟ ನೀರು ಕುಡಿಯಬೇಕಾಯಿತು.

"ನಾಲಗೆ ಸುಟ್ಟಿತು" ಎಂದೆ.